ಕಾರವಾರದ ಮನೆಯಲ್ಲೇ ರಾಕಬಿಲಿ ಆಲ್ಬಮ್ ಮಾಡುವುದು ಹೇಗೆ

ರಾಕಬಿಲಿ ಅಂದರೆ ಅಮೆರಿಕದ ಕಪ್ಪುಜನರ ಬ್ಲೂಸ್ ಮತ್ತು ಹಳ್ಳಿಗಾಡಿನ ಕಂಟ್ರಿ ಹಾಡು ಬೆರೆತು 1950ರ ದಶಕದಲ್ಲಿ ಹುಟ್ಟಿದ ಓಟದ ಸಂಗೀತ. ನಮ್ಮ ಬ್ಯಾಂಡಿನಲ್ಲಿ ಮೂರೇ ಜನ. ಗಿಟಾರ್ ಮತ್ತು ಹಾಡು ನನ್ನದು, ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ ಡಬಲ್ ಬಾಸ್ ಭಾವನದು, ಸ್ನೇರ್ ಡ್ರಮ್ ಪಕ್ಕದ ಮನೆ ಹುಡುಗನದು. ಕಳೆದ ಡಿಸೆಂಬರಿನಲ್ಲಿ ಕೋಡಿಬಾಗದ ಮನೆಯಲ್ಲಿ ಎಂಟು ಹಾಡು ರೆಕಾರ್ಡ್ ಮಾಡಿದೆವು. ಐದು ಬೇರೆಯವರವು, ಮೂರು ನಮ್ಮವು.

ನೀವೂ ಡಿಸೆಂಬರನ್ನೇ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಹೆಂಚಿನ ಸದ್ದು ಮೈಕಿಗೆ ಬಿದ್ದೇ ಬೀಳುತ್ತದೆ. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರಲು ಆಗಲ್ಲ.

ಮೊದಲು ಕವರ್ ಹಾಡು, ಅಂದರೆ ಬೇರೆಯವರ ಹಾಡು, ಕಲಿಯಿರಿ, ಆದರೆ ನಕಲು ಮಾಡಬೇಡಿ. 1954ರ ಜುಲೈ 5ರಂದು ಅಮೆರಿಕದ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ 'ದಟ್ಸ್ ಆಲ್ ರೈಟ್' ಕೂಡ ಕವರ್ ಹಾಡೇ. ಮೂಲ ಆರ್ಥರ್ ಕ್ರೂಡಪ್ ಅವರದು. ಅದೇ ರೆಕಾರ್ಡಿನ ಇನ್ನೊಂದು ಬದಿಗೆ ಬಿಲ್ ಮನ್ರೋ ಅವರ ವಾಲ್ಟ್ಸ್ ಹಾಡನ್ನು ತೆಗೆದುಕೊಂಡು, ಮೂರರ ಎಣಿಕೆಯನ್ನು ನಾಲ್ಕಕ್ಕೆ ತಿರುಗಿಸಿದರು. ಹಾಡು ಓಡತೊಡಗಿತು. ನೀವೂ ಪ್ರತಿ ಕವರಿನಲ್ಲಿ ಒಂದನ್ನಾದರೂ ಬದಲಿಸಿ: ನಡೆ, ವೇಗ, ಇಲ್ಲವೇ ಶ್ರುತಿ.

ಬಿಡುಗಡೆಗೆ ಮುಂಚೆ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಮ್ಮ ಕಾನೂನಿನಲ್ಲಿ ಹಾಡು ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕ್ರೂಡಪ್ 1974ರಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರಿಗೆ ತಮ್ಮ ಹಾಡಿನ ಹಣ ಸರಿಯಾಗಿ ಸಿಗಲೇ ಇಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಎಲ್ವಿಸ್ ಹಾಡಿದ ಆ ದಿನ ಸನ್ ಸ್ಟುಡಿಯೋದಲ್ಲಿ ಡ್ರಮ್ ಇರಲಿಲ್ಲ. ಜೊತೆಗಾರ ಬಿಲ್ ಬ್ಲ್ಯಾಕ್ ಅವರ ಬಾಸ್ ಆ ಕೆಲಸವನ್ನೂ ಮಾಡಿತು. ತಂತಿಯನ್ನು ಬೆರಳಿಗೆ ಸಿಕ್ಕಿಸಿ ಎಳೆದು ಬಿಡಬೇಕು. ಅದು ತಂತಿಯ ಕೆಳಗಿನ ಪಟ್ಟಿಗೆ (ಫಿಂಗರ್‌ಬೋರ್ಡಿಗೆ) ಬಡಿದು ಟಕ್ ಎನ್ನುತ್ತದೆ. ನಡುವೆ ಅಂಗೈಯಿಂದ ಇನ್ನೊಂದು ಏಟು. ಎರಡೇ ದಿನಕ್ಕೆ ಭಾವನ ತೋರುಬೆರಳಲ್ಲಿ ಗುಳ್ಳೆ ಎದ್ದು ಒಡೆಯಿತು. ಶುರುವಿನಿಂದಲೇ ಬಟ್ಟೆಯ ಮೆಡಿಕಲ್ ಟೇಪ್ ಸುತ್ತಿಕೊಳ್ಳಿ. ನಮ್ಮ ಉಪ್ಪುಗಾಳಿಗೆ ಸ್ಟೀಲ್ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸದೆ ಏಳಬೇಡಿ.

ಎಲ್ಲರೂ ಒಂದೇ ಕೋಣೆಯಲ್ಲಿ, ಒಟ್ಟಿಗೆ ನುಡಿಸಿ. ಒಂದೇ ಮೈಕ್ ಸಾಕು. ಹಾಡುವವರು ಹತ್ತಿರ, ಬಾಸ್ ಮೂರು ಹೆಜ್ಜೆ ಹಿಂದೆ, ಸ್ನೇರ್ ಬಾಗಿಲ ಬಳಿ. ಹಿಂದಿನ ಗೋಡೆಗೆ ಕೌದಿ ನೇತುಹಾಕಿ. ಬಾಸ್ ಜಾಸ್ತಿ ಅನಿಸಿದರೆ ಗುಂಡಿ ತಿರುಗಿಸಬೇಡಿ, ಬಾಸನ್ನೇ ಹಿಂದಕ್ಕೆ ಸರಿಸಿ. ಬೇರೆ ಬೇರೆ ನುಡಿಸಿ ಆಮೇಲೆ ಜೋಡಿಸಿದರೆ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುವ ಆ ಓಟ ಬರೋದೇ ಇಲ್ಲ.

ದನಿಯ ಹಿಂದೆ ಒಮ್ಮೆ ಮಾತ್ರ ಮರುದನಿ ಬರಬೇಕು. ಸನ್ ಸ್ಟುಡಿಯೋದ ಮಾಲೀಕ ಸ್ಯಾಮ್ ಫಿಲಿಪ್ಸ್ ಇದಕ್ಕೆ ಎರಡು ಟೇಪ್ ಯಂತ್ರ ಬಳಸುತ್ತಿದ್ದರು. ನಮಗೆ ಮರುದನಿ ಕೊಡುವ ಡಿಲೇ ಪೆಡಲ್ ಇದ್ದರೆ ಆಯ್ತು. ಸಮಯವನ್ನು 120 ಮಿಲಿಸೆಕೆಂಡಿನ ಆಸುಪಾಸಿಗೆ ಇಡಿ, ಮರುದನಿಯನ್ನು ಮತ್ತೆ ಮತ್ತೆ ತರುವ ಫೀಡ್‌ಬ್ಯಾಕ್ ಗುಂಡಿಯನ್ನು ಪೂರ್ತಿ ಕಡಿಮೆ ಮಾಡಿ.

ನಮ್ಮದೇ ಹಾಡು ಬರೆಯುವಾಗ ನಾನು ತುಂಬಾ ಒದ್ದಾಡಿದೆ. ಕನ್ನಡದ ಸಾಲು ಸ್ವರದಲ್ಲಿ ಮುಗಿದು ಎಳೆಯುತ್ತದೆ, ಈ ತಾಳ ಗಕ್ಕನೆ ನಿಲ್ಲು ಎನ್ನುತ್ತದೆ. ಹಾಗಾಗಿ ಆಡುಮಾತನ್ನೇ ಹಾಡಿ. 'ನಿಂತುಹೋಯಿತು' ಬೇಡ, 'ನಿಂತೋಯ್ತು' ಅನ್ನಿ. ಬ್ಲೂಸ್ ಅಚ್ಚಿನಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಉತ್ತರ ಕೊಡಬೇಕು. ನಮ್ಮದು ಹೀಗಿದೆ:

ಕಾಳಿ ಸೇತುವೆ ಮೇಲೆ ಗಾಡಿ ನಿಂತೋಯ್ತು
ಕಾಳಿ ಸೇತುವೆ ಮೇಲೆ ಗಾಡಿ ನಿಂತೋಯ್ತು
ಸದಾಶಿವಗಡದಲ್ಲಿ ನಿನ್ನ ದೀಪ ಆರೋಯ್ತು

ಕೊನೆಗೆ ಹಾಡುಗಳ ಸಾಲು. ನಿಮ್ಮ ಹಾಡುಗಳನ್ನೆಲ್ಲ ಹಿಂದೆ ತಳ್ಳಬೇಡಿ. ಎಲ್ಲಕ್ಕಿಂತ ಚೆನ್ನಾಗಿ ಬಂದ ಕವರಿನ ಪಕ್ಕದಲ್ಲೇ ಒಂದನ್ನು ಇಟ್ಟು ಕೇಳಿ. ಅಲ್ಲಿ ಸಪ್ಪೆ ಅನಿಸಿದರೆ ಮತ್ತೆ ನುಡಿಸಿ. ಸೇತುವೆ ಹಾಡನ್ನು ನಾವು ಹನ್ನೊಂದು ಸಲ ನುಡಿಸಿದೆವು.