ರೆಸ್ಕ್ಯೂ ನಾಯಿ ಜೋಡಿ ಊರೂರು ತಿರುಗಾಟ: ಮೊದಲ ಹಗ್ಗ, ಆಮ್ಯಾಲ ಹಾಸಿಗಿ

ನಾವಿರೂದು ವಿಜಯಪುರದಾಗ. ರಸ್ತೆ ಮ್ಯಾಲ ಗಾಯ ಆಗಿ ಬಿದ್ದಿದ್ದು, ಯಾರೋ ಸಾಕಿ ಬಿಟ್ಟು ಹೋಗಿದ್ದು, ಮರಿ ಹಾಕಿ ಸೊರಗಿದ್ದು, ಇಂಥಾ ನಾಯಿಗೋಳನ್ನ ಮನ್ಯಾಗ ಇಟ್ಕೊಂಡು ಔಷಧ, ವ್ಯಾಕ್ಸಿನ್, ಆಪರೇಷನ್ ಎಲ್ಲಾ ಮುಗಿಸಿ, ಸಾಕೋರು ಸಿಕ್ಕರ ಬೆಳಗಾವಿ, ಹುಬ್ಬಳ್ಳಿ, ಒಮ್ಮೊಮ್ಮೆ ಪುಣೆ ತನಕಾನೂ ಕಾರಿನ್ಯಾಗ ಮುಟ್ಟಿಸಿ ಬರ್ತೀವಿ. ನಾನು ಗಾಡಿ ಹೊಡಿತೀನಿ, ನಮ್ಮ ತಂಗಿ ಹಿಂದಿನ ಸೀಟಿನ್ಯಾಗ ನಾಯಿ ಹಂತೇಕ ಕೂಡ್ತಾಳ. ಹೊಸದಾಗಿ ನಾಯಿ ದತ್ತು ತಗೊಂಡೋರು ಫೋನ್ ಮಾಡಿ ಮೊದಲ ಕೇಳೂದು, ಅಣ್ಣಾರ ಯಾವ ಬೆಡ್ ತಗೋಬೇಕ್ರಿ, ಯಾವ ಬೌಲ್ ಛಲೋ ಅದ ಅಂತ. ನಾ ಹೇಳೂದು ಒಂದ, ಬೆಡ್ ಬೌಲ್ ಆಮ್ಯಾಲ ನೋಡೋಣು, ಮೊದಲ ನಾಯಿ ಕೈ ತಪ್ಪಿಸ್ಕೊಂಡು ಹೋಗದಂಗ ಏನ್ ಬೇಕೋ ಅದಕ್ಕ ರೊಕ್ಕ ಹಾಕ್ರಿ, ಎರಡನೇದು ಬಿಸಲಿಗೆ, ಉಳಿದದ್ದೆಲ್ಲಾ ಮನ್ಯಾಗ ಇದ್ದಿದ್ರಾಗ ನಡಿತದ.

ಯಾಕಂದ್ರ ಮರಿಯಿಂದ ಸಾಕಿದ ನಾಯಿ ಹೊರಗ ಓಡಿದ್ರೂ ಹೆಸರ ಹಿಡಿದು ಕರೆದ್ರ ತಿರುಗಿ ಬರ್ತದ. ರಸ್ತೆಯಿಂದ ಬಂದ ನಾಯಿಗೆ ನಿಮ್ಮ ಪರಿಚಯ ಇನ್ನೂ ಎರಡು ಮೂರು ವಾರದ್ದು, ಊರು ಹೊಸಾದು, ವಾಸನಿ ಹೊಸಾದು, ಅದು ಗಾಬರಿ ಆತಂದ್ರ ನಿಮ್ಮ ಕಡೆ ಬರೂದಿಲ್ಲ, ಎಲ್ಲಾರಿಂದ ದೂರ ಓಡ್ತದ. ಮತ್ತ ನಮ್ಮ ರಸ್ತೆ ಹೆಂಗದ ನೋಡ್ರಿ. ವಿಜಯಪುರ ಬಿಟ್ಟು ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ ಮ್ಯಾಲ ಬೆಳಗಾವಿ, ಹೆಚ್ಚು ಕಡಿಮಿ 200 ಕಿಮೀ, ಚಿಕ್ಕಪಡಸಲಗಿ ಹಂತೇಕ ಕೃಷ್ಣಾ ದಾಟಿದ್ರ ಎಡಕ್ಕ ಬಲಕ್ಕ ಬರೇ ಕಬ್ಬು. ಆಳೆತ್ತರ ಬೆಳದ ಕಬ್ಬಿನ್ಯಾಗ ನಾಯಿ ಹೊಕ್ತಂದ್ರ ಮುಗೀತು, ಕಣ್ಣಿಗೆ ಕಾಣಂಗಿಲ್ಲ, ರವದಿ ಸಪ್ಪಳದಾಗ ಅದರ ಓಡಾಟಾನೂ ಕೇಳಂಗಿಲ್ಲ. ಕಾರ್ಖಾನಿ ಚಾಲೂ ಇರೂ ಸೀಜನ್ನಿನ್ಯಾಗಂತೂ ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್‌ಗೋಳು ದೊಡ್ಡ ದೊಡ್ಡ ಸ್ಪೀಕರ್ ಹಾಕ್ಕೊಂಡು ಬರ್ತಾವು, ಆ ಸಪ್ಪಳಕ್ಕ ಹೆದರಲಾರದ ನಾಯಿನ ಇಲ್ಲ. ಹಂಗಾಗಿ ಆ ದಾರ್ಯಾಗ ನಾವು ಉಚ್ಚಿ ಹೊಯ್ಸಾಕ ನಿಲ್ಲಿಸೂದು ಬಯಲು ಇದ್ದಲ್ಲೆ, ಕಬ್ಬಿನ ದಂಡಿಗೆ ಅಲ್ಲ.

ಈಗ ಕೊರಳಪಟ್ಟಿ ವಿಷಯ. ನಮ್ಮ ಭಾಗದಾಗ ಮುಧೋಳ ತಳಿ ರಕ್ತ ಬೆರತಿರೂ ನಾಯಿಗೋಳು ಭಾಳ ಸಿಗ್ತಾವು, ನಮ್ಮ ಮಿಂಚುನೂ ಅಂಥಾದ್ದ, ಸಣ್ಣ ತಲಿ, ಉದ್ದ ಮೂತಿ, ಕೊರಳು ತಲಿಗಿಂತ ಏನ್ ಸಣ್ಣ ಇರೂದಿಲ್ಲ. ಇಂಥಾ ನಾಯಿಗೆ ಸಾದಾ ಬೆಲ್ಟ್ ಎಷ್ಟ ಬಿಗಿ ಹಾಕಿದ್ರೂ ಹಿಂದಕ್ಕ ಜಗ್ಗಿ ತಲಿ ತಗಿತಂದ್ರ ಬೆಲ್ಟ್ ನಿಮ್ಮ ಕೈಯಾಗ, ನಾಯಿ ರಸ್ತೆ ಮ್ಯಾಲ. ಇದಕ್ಕ ಮಾರ್ಟಿಂಗೇಲ್ ಕಾಲರ್ ಅಂತ ಬರ್ತದ, ಅದರಾಗ ದೊಡ್ಡ ಪಟ್ಟಿಗೆ ಒಂದು ಸಣ್ಣ ಕುಣಕಿ ಜೋಡಿಸಿರ್ತಾರ, ನಾಯಿ ಜಗ್ಗಿದಾಗ ಕುಣಕಿ ಎಳಕೊಂಡು ಪಟ್ಟಿ ಸ್ವಲ್ಪ ಬಿಗಿ ಆಗ್ತದ, ಸುಮ್ಮನ ನಿಂತ್ರ ಸಡಲ. ಅಳತಿ ಹೊಂದಿಸೂ ಮುಂದ ಒಂದು ಲಕ್ಷ್ಯ ಇರ್ಲಿ, ಪೂರ್ತಿ ಬಿಗಿ ಆದಾಗೂ ಕೊರಳಿನ ಸುತ್ತಳತಿಗೆ ಬಂದು ನಿಲ್ಲಬೇಕು, ಅದಕ್ಕಿಂತ ಒಳಗ ಹೋದ್ರ ಉಸಿರು ಕಟ್ಟತದ. ಮನ್ಯಾಗ ಒಬ್ಬನ ಬಿಡೂ ಮುಂದ ಇದನ್ನ ಬಿಚ್ಚಿ ಇಡ್ರಿ, ಎಲ್ಲೆರ ಸಿಕ್ಕೊಂಡ್ರ ಕಷ್ಟ.

ಹಾರ್ನೆಸ್, ಅಂದ್ರ ಕೊರಳಿಗಲ್ಲ ನಾಯಿ ಮೈಗೆ ತೊಡಸೂ ಪಟ್ಟಿ, ಅದರ ಸುದ್ದಿ ಇನ್ನಷ್ಟು ಮಹತ್ವದ್ದು. ಅಂಗಡ್ಯಾಗ ಸಿಗೂ ಸಾದಾ ಹಾರ್ನೆಸ್‌ಗೆ ಎರಡ ಪಟ್ಟಿ, ಒಂದು ಎದಿಗೆ, ಒಂದು ಮುಂಗಾಲಿನ ಹಿಂದ. ನಾಯಿ ಹೆದರಿ ಹಿಂದ ಸರ್ಕೊಂತ ಹೋದ್ರ ಇದು ತಲಿ ಮ್ಯಾಲಿಂದ ಕಳಚಿ ಬರ್ತದ. ಮೂರನೇ ಪಟ್ಟಿ ಇರೂ ಹಾರ್ನೆಸ್ ಬ್ಯಾರೆ ಬರ್ತಾವು, ಆ ಮೂರನೇದು ಪಕ್ಕೆಲುಬು ಮುಗದ ಮ್ಯಾಲ ನಡುವಿಗೆ ಬರ್ತದ. ನಾಯಿ ನಡು ಸಣ್ಣ, ಎದಿ ದೊಡ್ಡದು, ನಡುವಿನ ಪಟ್ಟಿ ಎದಿ ದಾಟಿ ಮುಂದ ಬರಾಕ ಸಾಧ್ಯನ ಇಲ್ಲ, ಅದರಾಗ ಇದರ ಗಟ್ಟಿತನ. ಅಳತಿಗೆ ತಕ್ಕಂಥಾದ್ದು ಇಲ್ಲಿ ಸಿಗಲಿಲ್ಲ ಅಂತ ನಾ ಸಾದಾ ಹಾರ್ನೆಸ್ ತಗೊಂಡು, ಶಾಲಿ ಬ್ಯಾಗ್ ಹೊಲಿಯೂ ಕಾಕಾರ ಕಡೆ ಅಗಲ ನೈಲಾನ್ ಪಟ್ಟಿ ಕೊಟ್ಟು ಮೂರನೇ ಪಟ್ಟಿ ಜೋಡಿಸ್ಕೊಂಡೀನಿ. ಅವರು ಬ್ಯಾಗಿನ ಹಿಡಿಕಿಗೆ ಹಾಕೂ ಡಬಲ್ ಹೊಲಿಗಿ ಹಾಕಿ ಕೊಟ್ರು, ಇವತ್ತಿಗೂ ಒಂದು ದಾರ ಎದ್ದಿಲ್ಲ.

ಹಗ್ಗ ಎರಡು. ಒಂದು ಹಾರ್ನೆಸ್‌ಗೆ, ಒಂದು ಕಾಲರ್‌ಗೆ. ಒಂದು ಕೈಯಾಗ, ಇನ್ನೊಂದು ನನ್ನ ನಡುವಿಗೆ ಕಟ್ಕೊಂಡಿರ್ತೀನಿ, ಒಂದರ ಹುಕ್ ಮುರದ್ರೂ ಇನ್ನೊಂದು ಇರ್ತದ. ಆರು ಫೂಟಿನ ಸಾದಾ ನೈಲಾನ್ ಹಗ್ಗ ಸಾಕು. ಬಟನ್ ಒತ್ತಿದ್ರ ಉದ್ದ ಆಗೂ ಡಬ್ಬಿ ಲೀಶ್ ಮಾತ್ರ ರೆಸ್ಕ್ಯೂ ನಾಯಿಗೆ ಬ್ಯಾಡ್ರಿ, ಕೈ ಜಾರಿ ಬಿತ್ತಂದ್ರ ಆ ಪ್ಲಾಸ್ಟಿಕ್ ಡಬ್ಬಿ ಕಟಕಟ ಅಂತ ನಾಯಿ ಹಿಂದ ಹಿಂದ ಓಡ್ತದ, ನಾಯಿ ಇನ್ನಷ್ಟು ಹೆದರಿ ಇನ್ನಷ್ಟು ಓಡ್ತದ.

ಕಾರಿನ್ಯಾಗ ಹಿಂದಿನ ಸೀಟು, ಸೀಟ್ ಬೆಲ್ಟಿನ ಖಾಚಿಗೆ ಸಿಗಸೂ ಗಿಡ್ಡ ಪಟ್ಟಿ ಬರ್ತದ, ಅದನ್ನ ಹಾರ್ನೆಸ್‌ಗೆ ಹಾಕ್ರಿ, ಕೊರಳಪಟ್ಟಿಗೆ ಹಾಕಬ್ಯಾಡ್ರಿ, ಜೋರಾಗಿ ಬ್ರೇಕ್ ಒತ್ತಿದ್ರ ಎಲ್ಲಾ ಭಾರ ಕೊರಳಿಗೆ ಬರ್ತದ. ಮಲ್ಕೊಳ್ಳಾಕ ಬರಬೇಕು, ಗೇರ್ ತನಕ ಬರಬಾರ್ದು, ಅಷ್ಟ ಉದ್ದ ಸಾಕು. ಚೈಲ್ಡ್ ಲಾಕ್, ವಿಂಡೋ ಲಾಕ್ ಎರಡೂ ಹಾಕೀನ ಹೊಂಡೂದು, ಯಾಕಂದ್ರ ನಾಯಿ ಕಾಲಿಟ್ಟು ಕಾಚಿನ ಬಟನ್ ಒತ್ತತದ. ನಿಂತ ಮ್ಯಾಲ ತಂಗಿ ಎರಡೂ ಹಗ್ಗ ಕೈಯಾಗ ಸುತ್ಕೊಂಡು "ಹೂಂ ಅಣ್ಣಾ" ಅನ್ನೂ ತನಕ ನಾ ಬಾಗಲಾ ತಗಿಯೂದಿಲ್ಲ.

ಭಾಳ ಅಂಜೂ ನಾಯಿಗೆ ಕ್ರೇಟ್, ಅಂದ್ರ ಬಾಗಲಾ ಇರೂ ಪಂಜರ ಬೇಕಾಗ್ತದ, ಎದ್ದು ನಿಂತು ಒಂದು ಸುತ್ತ ತಿರುಗಿ ಮಲ್ಕೊಳ್ಳೂವಷ್ಟು ಜಾಗಾ ಇರ್ಬೇಕು. ಹೊಂಡೂ ದಿವಸ ಎತ್ತಿ ತುರುಕೂದು ಸರಿ ಅಲ್ಲ, ಒಂದು ವಾರ ಮೊದಲಿಂದ ಬಾಗಲಾ ತೆರೆದಿಟ್ಟು ಅದರಾಗ ಊಟ ಹಾಕ್ರಿ, ತಾನ ಹೋಗಿ ಮಲ್ಕೊಳ್ಳಾಕ ಹತ್ತತದ. ನಮ್ಮ ಬಿಸಲಿಗೆ ನಾಕೂ ಕಡೆ ಗಾಳಿ ಆಡೂ ತಂತಿ ಕ್ರೇಟ್ ಛಲೋ, ಪ್ಲಾಸ್ಟಿಕ್‌ದು ಚಳಿಗಾಲಕ್ಕ ಇರ್ಲಿ.

ಬಾಯಿಗೆ ಹಾಕೂದು ಅಂದ್ರ ಜನಾ ಬೇಜಾರ ಆಗ್ತಾರ, ಆದ್ರ ನೋವಿದ್ದ ನಾಯಿ ಕಚ್ಚೂದು ಸಹಜ. ಎತ್ತಿನ ಬಾಯಿಗೆ ಹಾಕೂ ಕುಕ್ಕಿ ಇರ್ತದಲ್ಲ, ಹಂಗ ಜಾಳಿಗಿ ಇರೂ ಬಾಸ್ಕೆಟ್ ಮಝಲ್ ತಗೋಬೇಕು, ಅದರಾಗ ನಾಯಿ ಬಾಯಿ ತಗದು ತೇಕತದ, ನೀರೂ ಕುಡಿತದ. ಬಟ್ಟಿದು ಬಾಯಿ ಮುಚ್ಚಿ ಬಿಡ್ತದ, ತೇಕಾಕ ಬರಲಿಲ್ಲಂದ್ರ ನಾಯಿ ಮೈ ತಂಪಾಗೂದಿಲ್ಲ, ಬ್ಯಾಸಿಗ್ಯಾಗ ಅದು ಜೀವಕ್ಕ ಕುತ್ತು. ರೂಢಿ ಮಾಡ್ಸಾಕ ನಾ ಉಪ್ಪು ಖಾರ ಇಲ್ಲದ ಬರೇ ಹುರದ ಶೇಂಗಾ ಅರದು ಮಝಲ್ ಒಳಗ ಹಚ್ಚತೀನಿ, ಶೇಂಗಾ ಚಟ್ನಿ ಅಲ್ಲ ಮತ್ತ, ಅದರಾಗ ಬಳ್ಳೊಳ್ಳಿ ಇರ್ತದ, ಅದು ನಾಯಿಗೆ ವಿಷ. ನಾಯಿ ಹಿಡಿಯೂ ಕೆಲಸ ಮಾಡೋರು ತಾವೂ ರೇಬೀಸ್ ಲಸಿಕಿ ಮುಂಚೇನ ತಗೊಂಡಿರ್ರಿ. ಕಚ್ಚಿದ್ರ ಸಾಬಾಣ ಹಚ್ಚಿ 15 ನಿಮಿಷ ಹರಿಯೂ ನೀರಾಗ ತೊಳದು ಅವತ್ತ ದವಾಖಾನಿಗೆ ಹೋಗ್ರಿ, ಮೊದಲ ಲಸಿಕಿ ಆಗಿದ್ರೂ ಹೋಗ್ರಿ.

ಇನ್ನ ಬಿಸಲು. ಏಪ್ರಿಲ್ ಮೇದಾಗ ವಿಜಯಪುರ 40 ದಾಟೂದು ಹೊಸಾದಲ್ಲ. ನಾಯಿ ಮೈ ನಮ್ಮಂಗ ಬೆವರೂದಿಲ್ಲ, ಪಂಜಾದಾಗ ಸ್ವಲ್ಪ ಬೆವರು ಬಿಟ್ರ ಉಳಿದದ್ದೆಲ್ಲಾ ತೇಕೂದರ ಮ್ಯಾಲ. ಹೊರಗ 35 ಇದ್ರೂ ಸಾಕು, ಬಂದ್ ಮಾಡಿ ನಿಲ್ಲಿಸಿದ ಕಾರಿನ್ಯಾಗ ಹತ್ತ ನಿಮಿಷಕ್ಕ 45ರ ಹತ್ರ ಹೋಗ್ತದ, ಅರ್ಧ ತಾಸಿನ್ಯಾಗ 50 ದಾಟ್ತದ, ಕಾಚ್ ಎರಡು ಬೆರಳು ಇಳಿಸಿದ್ರ ಏನೂ ಫರಕ್ ಬೀಳೂದಿಲ್ಲ. ಅದಕ್ಕ ಚಾ ಕುಡಿಯಾಕ ನಿಂತ್ರೂ ಒಬ್ರು ನಾಯಿ ಹಂತೇಕ ಇರಬೇಕು, ಎಸಿ ಚಾಲೂ ಇರಬೇಕು. ಬ್ಯಾಸಿಗ್ಯಾಗ ನಾವು ನಸುಕಿನ್ಯಾಗ ನಾಕಕ್ಕ ಹೊಂಡ್ತೀವಿ, ಬಿಸಲು ಏರೂದರಾಗ ಯರಗಟ್ಟಿ ದಾಟಿರ್ತೀವಿ.

ಕೂಲಿಂಗ್ ಮ್ಯಾಟ್ ಅಂತ ಜೆಲ್ ತುಂಬಿದ್ದು ಮಾರ್ತಾರ. ಬಿಸಿ ಕಾರಿನ್ಯಾಗ ಅದ ಬಿಸಿ ಆಗಿ ಕೂಡ್ತದ, ಕಡಿಯೂ ಚಟ ಇರೂ ನಾಯಿ ಹರದು ಹಾಕ್ತದ. ನನಗ ತಟ್ಟಿನ ಚೀಲ ತೊಯ್ಸಿ ಹಿಂಡಿ ಹಾಸೂದ ಛಲೋ ಅನಸತದ, ಮ್ಯಾಲ ಎಸಿ ಗಾಳಿ ಬಡದ್ರ ನೀರು ಆರಿಕೊಂತ ತಂಪು ಕೊಡ್ತದ. ಇದು ವಿಜಯಪುರದ ಒಣ ಹವಾಕ್ಕ ಭಾಳ ಹೊಂದತದ, ಬೆಳಗಾವಿ ಮಳಿಗಾಲದಾಗ ಹವಾನ ತೇವ ಇರೂದರಿಂದ ಅಷ್ಟು ಕೆಲಸ ಮಾಡೂದಿಲ್ಲ, ಅಲ್ಲಿ ಅದರ ಜರೂರೂ ಬೀಳೂದಿಲ್ಲ ಬಿಡ್ರಿ.

ಡಿಜಿಟಲ್ ಥರ್ಮಾಮೀಟರ್ ಒಂದು ನಾಯಿಗಂತನ ಬ್ಯಾರೆ ಇಟ್ಕೊಳ್ರಿ, ಗುದದ್ವಾರದಾಗ ಹಚ್ಚಿ ನೋಡೂದು. ಆರಾಮ ಇರೂ ನಾಯಿ ಮೈ 101ರಿಂದ 102.5 ಫ್ಯಾರನ್‌ಹೀಟ್ ಇರ್ತದ, ನಮ್ಮ ಲೆಕ್ಕದಾಗ ಅದು ಜ್ವರ ಅನಸಬಹುದು, ಅಲ್ಲ. 104 ದಾಟಿ ಒಂದ ಸವನ ತೇಕಾಕತ್ತಿ, ಜೊಲ್ಲು ಸುರಸಿ, ಕಾಲು ತಡವರಿಸಿದ್ರ ಅದು ಬಿಸಲು ಬಡದದ್ದು. ದವಾಖಾನಿ ಹುಡಕ್ಕೊಂತ ಓಡೂಕಿಂತ ಮೊದಲ ಅಲ್ಲೇ ನೆಳ್ಳಿಗೆ ತಂದು ಮೈ ತುಂಬ ನೀರು ಸುರೀರಿ, ಹೊಟ್ಟಿ, ತೊಡಿ ಸಂದಿಗೆಲ್ಲಾ, ಗಾಳಿ ಹಾಕ್ರಿ, ಆಮ್ಯಾಲ ಡಾಕ್ಟ್ರ ಕಡೆ ಹೊಂಡ್ರಿ. ಇದಕ್ಕಂತನ ನಮ್ಮ ಡಿಕ್ಕಿಯಾಗ 20 ಲೀಟರಿನ ಕ್ಯಾನ್ ಒಂದು ಯಾವಾಗ್ಲೂ ತುಂಬಿರ್ತದ. ಕುಡಿಯೂ ನೀರು ಬ್ಯಾರೆ, ಅದು ಮನಿಂದ ತಂದದ್ದ, ಊರ ನೀರು ಬದಲಾದ್ರ ಕೆಲವು ನಾಯಿಗೆ ಹೊಟ್ಟಿ ಕೆಡ್ತದ.

ಕಾಲಿಗೆ ಬೂಟು ತಗೋಬೇಕಾ ಅಂತ ಕೇಳ್ತಾರ. ನಾ ತಗೊಂಡಿಲ್ಲ. ಡಾಂಬರ್ ಮ್ಯಾಲ ಕೈ ಹಿಂಭಾಗ ಐದು ಸೆಕೆಂಡ್ ಇಟ್ಟು ನೋಡ್ರಿ, ನಿಮ್ಮ ಕೈ ತಡಿಲಿಲ್ಲಂದ್ರ ನಾಯಿ ಕಾಲೂ ತಡಿಯೂದಿಲ್ಲ, ಮಣ್ಣಿನ ಮ್ಯಾಲ ಇಳಸ್ರಿ.

ಹಾಸಿಗಿಗೆ ಹಳೇ ಕೌದಿ. ನಾಯಿ ಮನ್ಯಾಗ ಯಾವ ಕೌದಿ ಮ್ಯಾಲ ಮಲಗಿತ್ತೋ ಅದನ್ನ, ತೊಳಿಲಾರದ, ಕಾರಿನ್ಯಾಗ ಹಾಸ್ರಿ. ಅದರ ವಾಸನಿ ಅದರಾಗಿರ್ತದ, ಹೊಸಾ ಬೆಡ್ಡಿಗೆ ಎಷ್ಟು ಸಾವಿರ ಕೊಟ್ರೂ ಅದು ಬರೂದಿಲ್ಲ. ಕೌದಿ ಕೆಳಗ ಸೀಟ್ ಕೆಡದಂಗ ತೊಟ್ಲದ ಗತೆ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಕಟ್ಟೂ ರೆಗ್ಜಿನ್ ಹೊದಿಕಿ, ಇದನ್ನ ಸೀಟ್ ಕವರ್ ಹೊಲಿಯೂ ಅಂಗಡ್ಯಾಗ ಅಳತಿ ಕೊಟ್ಟು ಹೊಲಿಸೀನಿ, ಬೆಲ್ಟ್ ಖಾಚಿಗೆ ತೂತು ಬಿಡ್ಸೂದು ಮರಿಬ್ಯಾಡ್ರಿ.

ಹೊಟ್ಟಿ ವಿಷಯ. ಹೊಂಡೂಕಿಂತ ಮೂರು ನಾಕು ತಾಸು ಮೊದಲ ಊಟ ಬಂದ್, ನೀರು ಸ್ವಲ್ಪ ಸ್ವಲ್ಪ ಕೊಡ್ಕೊಂತ ಇರ್ರಿ. ವಾಂತಿ ಮಾಡೂ ನಾಯಿಗೆ ಡಾಕ್ಟ್ರು ಮರೋಪಿಟಂಟ್ ಗುಳಿಗಿ ಬರದು ಕೊಡ್ತಾರ, ತೂಕ ನೋಡಿ ಡೋಸ್. ಮನಷ್ಯಾರ ಗುಳಿಗಿ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಏನೂ ನಿಮ್ಮ ಮನಸಿಗೆ ಬಂದಂಗ ಹಾಕಬ್ಯಾಡ್ರಿ. ನಮ್ಮ ಕಡೆ ಇನ್ನೊಂದು ಅಂಜಿಕಿ ಅಂದ್ರ ದ್ರಾಕ್ಷಿ. ತಿಕೋಟಾ ಭಾಗಕ್ಕ ಹೋದ್ರ ಪ್ರೀತಿಲೆ ಒಂದು ಹಿಡಿ ಮನೂಕ ನಾಯಿ ಮುಂದ ಹಾಕ್ತಾರ, ದ್ರಾಕ್ಷಿ, ಮನೂಕ ನಾಯಿ ಮೂತ್ರಪಿಂಡ ಕೆಡಸ್ತಾವು. ಅಮೀನಗಡದ್ದಿರ್ಲಿ ಗೋಕಾಕದ್ದಿರ್ಲಿ ಕರದಂಟೂ ಬ್ಯಾಡ, ಅದರಾಗೂ ಮನೂಕ ಬಿದ್ದಿರ್ತಾವು. ಬೆಳಗಾವ್ಯಾಗ ಕುಂದಾ ತಿನ್ಸಾಕ ಬರ್ತಾರ, ಕೈ ಮುಗದು ಬ್ಯಾಡ್ರಿ ಅಕ್ಕಾರ ಅಂತೀನಿ. ನಾವು ನಾಯಿಗೆ ಹಾಕೂ ಊಟ ಜ್ವಾಳದ ರೊಟ್ಟಿ ಮೊಸರಿನ್ಯಾಗ ಕಲಸಿದ್ದು, ಉಪ್ಪಿಲ್ಲದ ಬೇಯ್ಸಿದ ತತ್ತಿ, ಅಷ್ಟ.

ಉಣ್ಣಿ ಗುಳಿಗಿ ಹೊಂಡೂಕಿಂತ ಮೊದಲ ಹಾಕ್ಸಿರ್ತೀವಿ. ಫ್ಲುರಾಲನರ್ ಅನ್ನೂ ಔಷಧ ಇರೂ ಗುಳಿಗಿ ಸುಮಾರು 12 ವಾರ, ಅಫಾಕ್ಸೋಲನರ್ ಇರೂದು ಒಂದು ತಿಂಗಳು ನಡಿತದ. ನಾಯಿಗೆ ಮೊದಲ ಫಿಟ್ಸ್ ಬಂದಿದ್ರ ಡಾಕ್ಟ್ರಿಗೆ ಅದನ್ನ ಮೊದಲ ಹೇಳ್ರಿ, ಬ್ಯಾರೆ ಔಷಧ ನೋಡ್ತಾರ. ಆಪರೇಷನ್ ಆದ ನಾಯಿನ ಹೊಲಿಗಿ ಮಾಯೂ ತನಕ ದೂರ ಒಯ್ಯಬ್ಯಾಡ್ರಿ.

ಬೆಂಗಳೂರಿಗೆ ಒಯ್ಯೋರು ರೈಲಿನ ಬಗ್ಗೆ ಕೇಳ್ತಾರ. ನಾಯಿ ಜೋಡಿ ಕೂಡಬೇಕಂದ್ರ ಫಸ್ಟ್ ಎಸಿ ಒಂದ ದಾರಿ, ಅದೂ ಎರಡು ಬರ್ತಿನ ಕೂಪೆ ಇಲ್ಲಾ ನಾಕು ಬರ್ತಿನ ಕ್ಯಾಬಿನ್ ಪೂರ್ತಿ ನಿಮ್ಮದ ಇರಬೇಕು, ಟು ಟಯರ್, ತ್ರೀ ಟಯರ್, ಸ್ಲೀಪರ್‌ದಾಗ ಬಿಡೂದಿಲ್ಲ. ಗಾಡಿ ಬಿಡೂಕಿಂತ ಮುಂಚೆ ಪಾರ್ಸಲ್ ಆಫೀಸ್‌ದಾಗ ನಾಯಿ ಬುಕ್ ಮಾಡ್ಸಬೇಕು, ವ್ಯಾಕ್ಸಿನ್ ಕಾರ್ಡು, ಪಶು ಡಾಕ್ಟ್ರು ಹೊಸದಾಗಿ ಬರದು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಗಾರ್ಡ್ ಡಬ್ಬಿಯಾಗ ಡಾಗ್ ಬಾಕ್ಸ್ ಅಂತ ಇರ್ತದ, ರಸ್ತೆ ನಾಯಿನ ಅದರಾಗ ಒಬ್ಬಂಟಿ ಕಳಸೂದು ನನಗ ಒಪ್ಪೂದಿಲ್ಲ, ಅಂಥಾ ಪಾಳಿ ಬಂದ್ರ ಕಾರಿನ ಬಾಡಿಗಿ ಎಷ್ಟಾದ್ರೂ ಆಗ್ಲಿ ಕಾರಿನ್ಯಾಗ ಒಯ್ರಿ.

ಟ್ರ್ಯಾಕರ್ ಬಗ್ಗೆ ಎರಡು ಮಾತು. ಚರ್ಮದ ಕೆಳಗ ಹಾಕೂ ಮೈಕ್ರೋಚಿಪ್ ನಾಯಿ ಎಲ್ಲದ ಅಂತ ತೋರಸೂದಿಲ್ಲ, ಸ್ಕ್ಯಾನರ್ ಹಿಡಿದ್ರ 15 ಅಂಕಿಯ ನಂಬರ್ ಅಷ್ಟ ಹೇಳ್ತದ. ಬ್ಲೂಟೂತ್ ಟ್ಯಾಗ್ ಸುತ್ತಮುತ್ತ ಜನರ ಮೊಬೈಲ್ ಇದ್ರ ಮಾತ್ರ ಕೆಲಸಕ್ಕ ಬರ್ತದ, ಊರಾಗ ಸರಿ, ಕಬ್ಬಿನ ಹೊಲದಾಗ ಇಲ್ಲ. ಸಿಮ್ ಇರೂ ಜಿಪಿಎಸ್ ಕಾಲರ್ ನಿಜವಾಗಿ ಉಪಯೋಗ ಅದ, ರೊಕ್ಕ ಇದ್ರ ಬೆಡ್ಡಿನಕಿಂತ ಮೊದಲ ಇದನ್ನ ತಗೋರಿ. ಇಲ್ಲಂದ್ರೂ ಹಿತ್ತಾಳಿ ಬಿಲ್ಲಿ ಮ್ಯಾಲ ಫೋನ್ ನಂಬರ್ ಕೆತ್ತಿಸಿ ಕೊರಳಿಗೆ ಹಾಕೂದು ಯಾರಿಗೂ ಆಗ್ತದ.

ಮುಟ್ಟಿದ ಮ್ಯಾಲ ಎಲ್ಲಾರೂ ಹೇಳೂದು ಒಂದ, "ಅಣ್ಣಾರ, ಪಾಪ ಅಷ್ಟು ದೂರದಿಂದ ಬಂದದ, ಸ್ವಲ್ಪ ಬಿಚ್ಚಿ ಬಿಡ್ರಿ, ಅಂಗಳದಾಗ ಓಡಾಡ್ಲಿ." ಆ ಪ್ರೀತಿ ನನಗ ತಿಳಿತದ, ಆದ್ರೂ ಬಿಚ್ಚೂದಿಲ್ಲ. ಮೊದಲ ಗೇಟಿನ ಕೆಳಗ ಎಷ್ಟು ಸಂದಿ ಅದ, ಕಂಪೌಂಡ್ ಎತ್ತರ ಎಷ್ಟು ಅಂತ ತಿರುಗಾಡಿ ನೋಡ್ತೀನಿ, ಮುಧೋಳ ರಕ್ತದ ನಾಯಿ ಐದು ಫೂಟಿನ ಗ್ವಾಡಿ ಆರಾಮ ಜಿಗಿತದ. ಮೊದಲ ಮೂರು ದಿವಸ ಒಂದ ಖೋಲ್ಯಾಗ ಇರ್ಲಿ, ಮೂರು ವಾರ ಎರಡೂ ಹಗ್ಗ ಹಾಕೀನ ಹೊರಗ ತಗೀರಿ, ಮನಿ ನಂದು ಅನಸಾಕ ಮೂರು ತಿಂಗಳಾದ್ರೂ ಬೇಕು. ಹಾರ್ನೆಸ್, ಕೌದಿ, ಐದು ದಿವಸಕ್ಕ ಆಗೂವಷ್ಟು ನಮ್ಮನಿ ಊಟ, ವ್ಯಾಕ್ಸಿನ್ ಕಾರ್ಡು ಅವರ ಕೈಯಾಗ ಕೊಟ್ಟು, ನನ್ನ ನಂಬರ್ ಇರೂ ಬಿಲ್ಲಿ ಬಿಚ್ಚಿ ಅವರ ನಂಬರ್ ಇರೂದನ್ನ ಅಲ್ಲೇ ನಿಂತು ಹಾಕಸ್ತೀನಿ. ಹೊಂಡೂಕಿಂತ ಮೊದಲ ಫೋನ್‌ನ್ಯಾಗ ನಂಬರ್ ಕೇಳಿಕೊಂಡು ಇಲ್ಲೇ ವಿಜಯಪುರದಾಗ ಕೆತ್ತಿಸ್ಕೊಂಡ ಹೋಗಿರ್ತೀನಿ, ಆಮ್ಯಾಲ ಮಾಡ್ಸ್ತೀವ್ರಿ ಅನ್ನೂ ಮಾತಿಗೆ ಜಾಗಾನ ಇಡೂದಿಲ್ಲ.