ಎಡ್ಗರ್ ಅಲನ್ ಪೋ ಸತ್ತದ್ದು ಹೇಗೆ? ಸಾಕ್ಷ್ಯ ಜರಡಿ ಹಿಡಿಯುವ ಕ್ರಮ

ಅಮೆರಿಕದ ಲೇಖಕ ಪೋ 1849ರ ಅಕ್ಟೋಬರ್ 7ರಂದು ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ಅವನಿಗೆ 40 ವರ್ಷ. ಕಾರಣ ಇಂದಿಗೂ ಬಗೆಹರಿದಿಲ್ಲ. ಕುಡಿತ, ಹುಚ್ಚುನಾಯಿ ರೋಗ, ಚುನಾವಣಾ ಪುಂಡರು ಎಂದು ಮೊದಲೇ ಒಂದನ್ನು ಹಿಡಿದುಕೊಂಡು ಆಮೇಲೆ ಸಾಕ್ಷಿ ಹುಡುಕಹೊರಟರೆ ಯಾವುದಕ್ಕೆ ಬೇಕಾದರೂ ಸಾಕ್ಷಿ ಸಿಗುತ್ತದೆ. ಹಾಗಾಗಿ ಕಾರಣವನ್ನು ಬದಿಗಿಟ್ಟು, ದಿನಗಳಿಂದ ಶುರುಮಾಡಿ.

ಒಂದು ಹಾಳೆಯಲ್ಲಿ ಸೆಪ್ಟೆಂಬರ್ 27ರಿಂದ ಅಕ್ಟೋಬರ್ 7ರವರೆಗೆ 11 ಸಾಲು ಎಳೆಯಿರಿ. ಕಾಲಂ ನಾಲ್ಕು ಸಾಕು: ಏನಾಯಿತು, ಯಾರು ಹೇಳಿದ್ದು, ಕಣ್ಣಾರೆ ಕಂಡರೇ, ಯಾವ ಇಸವಿಯಲ್ಲಿ ಬರೆದರು. ಮೊದಲ ಸಾಲಿನಲ್ಲಿ ಪೋ ವರ್ಜೀನಿಯಾದ ರಿಚ್ಮಂಡ್ ಊರು ಬಿಟ್ಟದ್ದು. ಅಕ್ಟೋಬರ್ 3ರ ಸಾಲಿನಲ್ಲಿ ಬಾಲ್ಟಿಮೋರಿನ ಮತಗಟ್ಟೆಯಾಗಿದ್ದ ಒಂದು ಹೋಟೆಲಿನಲ್ಲಿ ಸಿಕ್ಕಿದ್ದು. ನಡುವಿನ ಐದು ಸಾಲು ಖಾಲಿ ಉಳಿಯುತ್ತವೆ, ಉಳಿಯಲಿ ಬಿಡಿ. ಊಹೆಗಳೆಲ್ಲ ಬಂದು ತುಂಬಿಕೊಳ್ಳುವುದು ಅಲ್ಲೇ.

ನಾಲ್ಕನೇ ಕಾಲಂ ಏಕೆ ಬೇಕು ಎಂಬುದಕ್ಕೆ ಒಂದು ಚೀಟಿ ನೋಡಿ. ಪೋನನ್ನು ಗುರುತಿಸಿದ ಜೋಸೆಫ್ ವಾಕರ್ ಅಂದೇ ಪೋನ ಪರಿಚಯದ ಡಾಕ್ಟರ್ ಸ್ನಾಡ್‌ಗ್ರಾಸ್‌ಗೆ ಬರೆದ ಚೀಟಿಯಲ್ಲಿ ಇದ್ದದ್ದು ಇಷ್ಟು: ಒಬ್ಬ ಗೃಹಸ್ಥ ಇಲ್ಲಿದ್ದಾನೆ, ಸ್ಥಿತಿ ಕೆಟ್ಟಿದೆ, ತುರ್ತಾಗಿ ನೆರವು ಬೇಕು. ಕುಡಿತದ ಮಾತೇ ನೇರವಾಗಿ ಇಲ್ಲ. ವರ್ಷಗಳ ಮೇಲೆ ಸ್ನಾಡ್‌ಗ್ರಾಸ್ ಅದೇ ಚೀಟಿಯನ್ನು ನೆನೆದಾಗ ಅದು ‘ಮೃಗದಂತೆ ಕುಡಿದಿದ್ದ’ ಎಂದಾಗಿತ್ತು. ಸ್ನಾಡ್‌ಗ್ರಾಸ್ ಪಾನವಿರೋಧಿ ಪ್ರಚಾರಕ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.

ಚಿಕಿತ್ಸೆ ಕೊಟ್ಟ ಡಾಕ್ಟರ್ ಮೊರಾನ್ ಇನ್ನೂ ಇಕ್ಕಟ್ಟಿನ ಸಾಕ್ಷಿ. ಅವರ ಹೇಳಿಕೆಗಳನ್ನು ಎಂದೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. 1849ರ ನವೆಂಬರಿನಲ್ಲಿ ಪೋನ ಅತ್ತೆಗೆ ಬರೆದ ಕಾಗದ ಒಂದು ಶಾಯಿಯಲ್ಲಿ, 1885ರ ಪುಸ್ತಕ ಇನ್ನೊಂದರಲ್ಲಿ ಇರಲಿ. ಆಸ್ಪತ್ರೆಗೆ ತಂದ ದಿನ, ಗಂಟೆ ಎರಡೂ ಕಾಲಕ್ಕೊಂದು ಆಗಿವೆ; ಕೊನೆಯ ಮಾತುಗಳಂತೂ ಉದ್ದುದ್ದ ಬೆಳೆದಿವೆ. ರಾತ್ರಿಯೆಲ್ಲ ‘ರೆನಾಲ್ಡ್ಸ್’ ಎಂದು ಕೂಗಿದ ಎಂಬುದು ಮಾತ್ರ ಮೊದಲ ಕಾಗದದಲ್ಲೇ ಇದೆ. ಆ ರೆನಾಲ್ಡ್ಸ್ ಯಾರೆಂಬುದು ಗೊತ್ತಾಗಿಲ್ಲ.

ಇನ್ನು ಊಹೆಗಳನ್ನು ಹಾಳೆಯ ಮೇಲಿಡಿ. ಜನರನ್ನು ಹಿಡಿದು ಕೂಡಿಹಾಕಿ, ಕುಡಿಸಿ, ಬಟ್ಟೆ ಬದಲಿಸಿ, ಮತಗಟ್ಟೆಯಿಂದ ಮತಗಟ್ಟೆಗೆ ಕಳ್ಳಮತ ಹಾಕಿಸುತ್ತಿದ್ದ ಗುಂಪುಗಳು ಆಗ ಇದ್ದವು. ಚುನಾವಣೆಯ ದಿನ, ಮತಗಟ್ಟೆ, ಮೈಮೇಲೆ ತನ್ನದಲ್ಲದ ಬಟ್ಟೆ: ಮೂರೂ ಹೊಂದುತ್ತವೆ. ಆದರೆ ಮೂರನೇ ಕಾಲಂ ಖಾಲಿ, ಹಿಡಿದದ್ದನ್ನು ಕಂಡವರಿಲ್ಲ. 1996ರಲ್ಲಿ ಡಾಕ್ಟರ್ ಮೈಕಲ್ ಬೆನಿಟೆಜ್ ಮುಂದಿಟ್ಟ ಹುಚ್ಚುನಾಯಿ ರೋಗದ ವಾದಕ್ಕೆ ಬಿಟ್ಟುಬಿಟ್ಟು ಬಂದ ಭ್ರಮೆ, ಕೆರಳಿಕೆ ಆಧಾರ. ಕಡಿತದ ದಾಖಲೆ ಇಲ್ಲ. ರೋಗಿಯ ಕಾಗದಪತ್ರವಾಗಲೀ ಮರಣ ಪ್ರಮಾಣಪತ್ರವಾಗಲೀ ಉಳಿದಿಲ್ಲವಾದ್ದರಿಂದ ಎಲ್ಲ ಲಕ್ಷಣಗಳೂ ಮೊರಾನ್ ಬಾಯಿಂದಲೇ ಬರಬೇಕು. ಅವರ ಯಾವ ಇಸವಿಯ ಮಾತನ್ನು ಎತ್ತಿಕೊಂಡಿದ್ದಾರೆ ಎಂದು ಪ್ರತಿ ಸಲ ನೋಡಿ.

ಮಿದುಳಿನ ಗೆಡ್ಡೆಯ ವಾದಕ್ಕೂ ಇದೇ ಪರೀಕ್ಷೆ. 1875ರಲ್ಲಿ ಸಮಾಧಿ ಬದಲಿಸುವಾಗ ಬುರುಡೆಯೊಳಗೆ ಗಟ್ಟಿ ಉಂಡೆ ಅಲುಗಾಡಿತೆಂಬ ಪತ್ರಿಕಾ ಸುದ್ದಿ ಅದಕ್ಕೆ ಬುಡ. ಮಿದುಳು ಬೇಗ ಕೊಳೆಯುತ್ತದೆ. 26 ವರ್ಷ ಉಳಿಯಬೇಕಾದರೆ ಅದು ಸುಣ್ಣಗಟ್ಟಿದ ಗೆಡ್ಡೆಯೇ ಆಗಿರಬೇಕು ಎಂಬುದು ವಾದ. ಬುರುಡೆಯನ್ನು ವೈದ್ಯರು ಪರೀಕ್ಷಿಸಿದ ವರದಿ ಸಿಗದ ಹೊರತು ಇದನ್ನು ಪೆನ್ಸಿಲಿನಲ್ಲೇ ಬರೆಯಿರಿ.