ಕಾಕಾನ ಇಪ್ಪತ್ತು ವರ್ಷದ ಲೆಕ್ಕ

ಗದಗಿನಲ್ಲಿ ಅಪ್ಪ ಕಟ್ಟಿದ ಪ್ರಿಂಟಿಂಗ್ ಪ್ರೆಸ್ ನಮ್ಮದು. 2019ರ ದಸರಾ ಮುಗಿದ ಮೇಲೆ ಬೈಂಡಿಂಗ್ ಕಾಕಾ ಬಂದು ನಿಂತರು. "ಕಣ್ಣು ಮೊದಲಿನಂಗ ಕಾಣವಲ್ವು ಮಾಲಕ್ರ, ದೀಪಾವಳಿಗೆ ಬಿಡ್ತೀನ್ರಿ" ಅಂದರು. ನನಗೆ ಗೊತ್ತಿದ್ದ ರೂಢಿ ಒಂದೇ: ಶಾಲು ಹೊದಿಸಿ, ಲಕೋಟೆಯಲ್ಲಿ ಕೈಲಾದಷ್ಟು ಇಟ್ಟು ಕಳಿಸುವುದು. ಅಪ್ಪನೂ ಹಾಗೇ ಮಾಡುತ್ತಿದ್ದರು.

ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕಹಾಕಿ ಮಾಲಕ ಕೊಡಬೇಕಾದ ಇಡಿಗಂಟು, ನಮಗೆ ಅನ್ವಯವಾಗುವುದಿಲ್ಲ ಎಂದೇ ನಂಬಿದ್ದೆ. ಕಾಯ್ದೆ ಹತ್ತು ಮಂದಿ ಇದ್ದಲ್ಲಿಗೆ, ನಮ್ಮಲ್ಲಿ ಆಗ ಏಳೇ ಮಂದಿ. ಲೆಕ್ಕಪತ್ರ ನೋಡುವವರು, "ಮೊದಲು ಎಷ್ಟು ಮಂದಿ ಇದ್ರು?" ಎಂದು ಕೇಳಿದರು. ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುವ ಕಾಲದಲ್ಲಿ ಹನ್ನೆರಡು ಮಂದಿ ಇದ್ದರು. ಆಫ್‌ಸೆಟ್ ಮಷೀನು ಬಂದಮೇಲೆ ಒಬ್ಬೊಬ್ಬರಾಗಿ ಹೋದರು. 1972ರ ಗ್ರ್ಯಾಚುಟಿ ಕಾಯ್ದೆ ಒಮ್ಮೆ ಅನ್ವಯವಾದರೆ, ಮುಂದೆ ಮಂದಿ ಕಡಿಮೆಯಾದರೂ ಅನ್ವಯವಾಗುತ್ತಲೇ ಇರುತ್ತದೆ ಎಂದು ಅವರು ಕಲಮು ತೆಗೆದು ತೋರಿಸಿದರು. ಅದಕ್ಕಿಂತ ಹೆಚ್ಚು ನನ್ನನ್ನು ತಟ್ಟಿದ್ದು ಇನ್ನೊಂದು ಕಲಮು: ಕೆಲಸಗಾರ ಅರ್ಜಿ ಕೊಡಲಿ ಬಿಡಲಿ, ಲೆಕ್ಕ ಹಾಕಿ ಅವನಿಗೆ ತಿಳಿಸಬೇಕಾದವನು ಮಾಲಕ. ಕಾಕಾ ಬಾಯಿಬಿಟ್ಟು ಕೇಳುವ ಪೈಕಿ ಅಲ್ಲವೇ ಅಲ್ಲ.

ಹಳೇ ಹಾಜರಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. 2000ದ ಮಾರ್ಚಿನಲ್ಲಿ ಅಪ್ಪನ ಕೈಬರಹದಲ್ಲಿ ಕಾಕಾನ ಹೆಸರು ಸಿಕ್ಕಿತು. ನಡುವೆ ಒಮ್ಮೆ ಕಾಲು ಮುರಿದು ನಾಲ್ಕು ತಿಂಗಳು ಬಂದಿರಲಿಲ್ಲ. ಅದನ್ನು ಕಳೆಯಬೇಕೇನೋ ಎಂದುಕೊಂಡಿದ್ದೆ, ಆದರೆ ಕಾಯಿಲೆ, ಅಪಘಾತದ ಗೈರುಹಾಜರಿಯಿಂದ ಸೇವೆ ಕಡಿಯುವುದಿಲ್ಲ. ಒಟ್ಟು ಹತ್ತೊಂಬತ್ತು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು, ಹಾಗಾಗಿ ಇಪ್ಪತ್ತು. ಕೊನೆಯ ಪಗಾರ, ಮೂಲವೇತನ ತುಟ್ಟಿಭತ್ಯೆ ಸೇರಿ, 13,000 ರೂಪಾಯಿ. ಅದನ್ನು ಕಾಯ್ದೆ ತಿಂಗಳಿಗೆಂದು ಹಿಡಿಯುವ 26 ದಿನದಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ ಹದಿನೈದು ದಿನದ್ದು 7,500. ಇಪ್ಪತ್ತು ವರ್ಷಕ್ಕೆ 1,50,000.

ಆ ಅಂಕಿ ನೋಡಿ ನಾನು ಕೂತೇಬಿಟ್ಟೆ. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ನಮ್ಮ ಸುಗ್ಗಿ ಇರುವುದು ಲಗ್ನಪತ್ರ, ನೋಟ್‌ಬುಕ್ಕಿನ ತಿಂಗಳುಗಳಲ್ಲಿ. ಕಾರ್ತಿಕದಲ್ಲಿ ಗಲ್ಲೆ ಖಾಲಿ. ಹೊಸ ಕಟಿಂಗ್ ಮಷೀನಿಗೆಂದು ಕೂಡಿಟ್ಟ ದುಡ್ಡು ಮುರಿದು ಚೆಕ್ ಬರೆದೆ. ಕಾಕಾ ಚೆಕ್ಕನ್ನು ದೂರ ಹಿಡಿದು ಓದಿ, "ಇಷ್ಟ್ಯಾಕ್ರಿ, ತಪ್ಪಿ ಬರದೀರೇನು?" ಅಂದರು. ಲೆಕ್ಕದ ಹಾಳೆ ಕೊಟ್ಟು ಒಂದೊಂದೇ ಸಾಲು ಓದಿ ಹೇಳಿದೆ. ಅವರು ದುಡಿದ ದುಡ್ಡು ನಮ್ಮಲ್ಲಿ ಇಷ್ಟು ವರ್ಷ ಉಳಿದಿತ್ತು ಎಂಬುದು ನನಗೂ ಅವತ್ತೇ ತಿಳಿದದ್ದು. ಶಾಲನ್ನೂ ಹೊದಿಸಿದೆ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ತಿಂಗಳು ಒಬ್ಬೊಬ್ಬರ ಪಗಾರದ ಶೇಕಡಾ 4.81ರಷ್ಟನ್ನು ಬೇರೆ ಖಾತೆಗೆ ಹಾಕುತ್ತೇನೆ. ಹದಿನೈದು ದಿನದ ಲೆಕ್ಕ ತಿಂಗಳಿಗೆ ಬೀಳುವುದು ಅಷ್ಟೇ. ಪಗಾರ ಏರಿದರೆ ಹಳೇ ವರ್ಷಗಳ ಬಾಕಿಯೂ ಏರುತ್ತದೆ, ಅದನ್ನು ವರ್ಷಕ್ಕೊಮ್ಮೆ ತುಂಬುತ್ತೇನೆ. 2025ರ ನವೆಂಬರ್ 21ರಿಂದ ಗ್ರ್ಯಾಚುಟಿ ವಿಷಯ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾಯ್ದೆಗೆ ಸೇರಿದೆ. ತುಟ್ಟಿಭತ್ಯೆ ಬಿಟ್ಟು ಉಳಿದ ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ, ದಾಟಿದ್ದೂ ಗ್ರ್ಯಾಚುಟಿಗೆ ವೇತನವೆಂದೇ ಲೆಕ್ಕ. ಮೂಲವೇತನ ಕಡಿಮೆ ತೋರಿಸುವವರು ಈಗಲೇ ಹಾಳೆ ತಿದ್ದಿಕೊಳ್ಳಲಿ.

ಏಪ್ರಿಲ್ಲಿನಲ್ಲಿ ಪ್ರತಿಯೊಬ್ಬರ ಹಾಳೆ ಅವರ ಕೈಗೇ ಕೊಡುತ್ತೇನೆ. ಮೊದಲ ಸಲ ಕೊಟ್ಟಾಗ ಪುಸ್ತಕ ಹೊಲಿಯುವ ಅಕ್ಕ ಸೇರಿದ ದಿನಾಂಕದ ಮೇಲೆ ಬೆರಳಿಟ್ಟರು. "ಜೂನ್ ಅಲ್ರೀ, ನಾ ತೋಂಟದಾರ್ಯ ಜಾತ್ರಿಗಿಂತ ಮೊದಲ ಬಂದೇನಿ." ಪುಸ್ತಕ ತೆಗೆದು ನೋಡಿದೆ. ಮಾರ್ಚಿನ ಪುಟದಲ್ಲೇ ಹೆಸರಿತ್ತು. ಅವರೆದುರೇ ತಿದ್ದಿ ಸಹಿ ಹಾಕಿದೆ.